ಗ್ರೇಸಿಯನ್ನು ಕರೆತರಲು ಹೋಗಿದ್ದೆ

ಕಿರ್ರ್-ಪುಸ್, ಕಿರ್ರ್-ಪುಸ್. ಬೈಕುಲ್ಲಾದ ನಮ್ಮ ಚರ್ಚಿನಲ್ಲಿ ಕಾಲಿನಿಂದ ತುಳಿಯುವ ಆರ್ಗನ್ನು ಹೀಗೆ ಏದುಸಿರು ಬಿಡುತ್ತಿತ್ತು. ಆ ಸದ್ದು ಎದ್ದ ಕೂಡಲೇ ನನ್ನ ಪಕ್ಕದಲ್ಲಿ ಗ್ರೇಸಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಅವಳು ಸೊಪ್ರಾನೋ, ಎಂದರೆ ಹಾಡಿನ ಅಸಲು ರಾಗ ಅವಳದು. ನಾನು ಆಲ್ಟೋ, ಆ ರಾಗದ ಕೆಳಗೆ ಹಾಸುವ ಚಾಪೆ. ಮದುವೆಯಾಗಿ ಉಡುಪಿಯಿಂದ ಮುಂಬಯಿಗೆ ಬಂದಾಗಿನಿಂದ ಹಾಡುತ್ತಿದ್ದೇನೆ. ಒಂದು ಹಾಡಿನ ರಾಗವೂ ನನಗೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೇ ಬಿದ್ದಿರಲಿಲ್ಲ, ಪಕ್ಕದಲ್ಲಿ ಗ್ರೇಸಿ ಇದ್ದಳಲ್ಲ.

ಆರ್ಗನ್ನು ಕೆಟ್ಟು ಮೂಲೆ ಸೇರಿತು. ಜನರೂ ಕರಗಿದರು. ಕೆಲವರು ದೇವರನ್ನೇ ಬಿಟ್ಟರು, ಕೆಲವರು ದೇವರನ್ನು ಹಿಡಿದುಕೊಂಡೇ ಬೇರೆ ಕಡೆ ಹೋದರು. ಇಬ್ಬರು ಮೂವರು ಕೂಡಿದಲ್ಲಿಯೂ ದೇವರಿದ್ದಾನೆಂಬ ಬೈಬಲ್ ವಾಕ್ಯವನ್ನು ನಮ್ಮ ಯಂಗ್ ಪಾಸ್ಟರ್ ಪದೇ ಪದೇ ಹೇಳತೊಡಗಿದರು. ಹೇಳುವಾಗ ಅವರ ಕಣ್ಣು ಬೆಂಚಿನ ಮೇಲಿನ ತಲೆಗಳನ್ನು ಎಣಿಸುತ್ತಿತ್ತು. ಒಂದು ದಿನ ಅನೌನ್ಸ್‌ಮೆಂಟೂ ಬಂತು: ಈಸ್ಟರ್ ತನಕ ನೋಡುತ್ತೇವೆ, ಹೀಗೇ ಆದರೆ ಕನ್ನಡ ಆರಾಧನೆಯನ್ನು ನಿಲ್ಲಿಸಿ ಇಂಗ್ಲಿಷಿನದಕ್ಕೆ ಸೇರಿಸುತ್ತೇವೆ. ನಾನು ಕಾನ್ವೆಂಟಿನವಳು, ಇಂಗ್ಲಿಷಿಗೆ ಹೆದರುವವಳಲ್ಲ. ಆದರೆ ಆ ಭಾಷೆಯಲ್ಲಿ ಪ್ರಾರ್ಥನೆಗೆ ಕೂತರೆ, ಗ್ರಾಮರ್ ಸರಿಯಿದೆಯೇ ಎಂದು ಸಿಸ್ಟರ್ ಬೆನ್ನ ಹಿಂದೆ ನಿಂತು ಕೇಳುತ್ತಿದ್ದಾರೆ ಅನ್ನಿಸುತ್ತದೆ. ದೇವರ ಮುಂದೆ ಅಳುವುದಕ್ಕೆ ನನಗೆ ಕನ್ನಡವೇ ಬೇಕು.

ಮರುವಾರವೇ ಗ್ರೇಸಿ ಬರಲಿಲ್ಲ. ಮಲಾಡ್‌ನಲ್ಲಿ ಅವಳ ಸೊಸೆ ಹೋಗುವ ಹೊಸ ಪ್ರಾರ್ಥನಾ ಹಾಲಿಗೆ ಸೇರಿದ್ದಾಳಂತೆ. ಪಾಸ್ಟರ್ ಹಾಡು ಎತ್ತಿಕೊಳ್ಳುವಂತೆ ನನಗೆ ಸನ್ನೆ ಮಾಡಿದರು. ಎದ್ದು ಶುರುಮಾಡಿದೆ. ಉಳಿದವರು ಪಾಪ, ಮೂರು ಚರಣ ನನ್ನ ಹಿಂದೆಯೇ ವಿಧೇಯರಾಗಿ ನಡೆದರು.

“ಆಂಟಿ, ಇದು ಯಾವ ಟ್ಯೂನ್?” ಎಂದರು ಪಾಸ್ಟರ್ ಮೆತ್ತಗೆ.

“ಟ್ಯೂನ್ ಅಲ್ಲ ಪಾಸ್ಟರ್, ಆಲ್ಟೋ.”

ಸಂಜೆ ಗ್ರೇಸಿಗೆ ಫೋನ್ ಮಾಡಿದೆ. “ವಾಪಸ್ ಬಾ ಮಾರಾಯ್ತಿ. ನೀನೂ ಹೋದ್ರೆ ನಮ್ಮ ಆರಾಧನೆ ನಿಂತೇ ಹೋಗ್ತದೆ.”

“ನಮ್ಮ ಇವರು ಹಾಸ್ಪಿಟಲಲ್ಲಿ ಇದ್ದಾಗ ಈ ಹಾಲಿನವರು ದಿನಾ ಬಂದು ಕೈ ಹಿಡ್ದು ಪ್ರೇ ಮಾಡಿದ್ರು. ನಿನ್ನನ್ನು ಬಿಟ್ರೆ ನಮ್ಮವರು ಯಾರು ಬಂದ್ರು ಹೇಳು?”

ಸಿಕ್ಕಿಬಿದ್ದಾಗ ಎಲ್ಲರೂ ಮಾಡುವಂತೆ ಬೈಬಲಿನ ವಾಕ್ಯವನ್ನು ಎತ್ತಿದೆ. “ಕಳೆದುಹೋದ ಕುರಿಯ ಕತೆ ನೆನಪುಂಟಾ?”

“ಉಂಟು. ಅಲ್ಲಿ ಕಳೆದದ್ದು ಒಂದು, ಉಳಿದದ್ದು ತೊಂಬತ್ತೊಂಬತ್ತು. ನಿಮ್ಮಲ್ಲಿ ಉಲ್ಟಾ ಅಲ್ವಾ?”

ಸರಿ, ಆ ಕುರುಬನೂ ಫೋನಿನಲ್ಲಿ ಹುಡುಕಲಿಲ್ಲವಲ್ಲ ಎಂದುಕೊಂಡು ಮುಂದಿನ ಆದಿತ್ಯವಾರ ದಾದರಿನಲ್ಲಿ ಲೋಕಲ್ ಬದಲಿಸಿ ಮಲಾಡ್‌ಗೆ ಹೊರಟೆ. ನಮ್ಮಲ್ಲಿ ಆ ದಿನ ಇನ್ನೊಂದು ತಲೆ ಕಮ್ಮಿಯಾಯಿತೆಂದು ಹೊಳೆದದ್ದು ಅಂಧೇರಿ ದಾಟಿದ ಮೇಲೆ.

ಹಾಲಿನಲ್ಲಿ ಡ್ರಮ್ಮು, ಎಸಿ, ಪರದೆಯ ಮೇಲೆ ಹಿಂದಿ ಹಾಡು. ಗ್ರೇಸಿ ಎರಡೂ ಕೈ ಮೇಲೆತ್ತಿ ಹಾಡುತ್ತಿದ್ದಳು. ನಮ್ಮಲ್ಲಿ ಕೈ ಎತ್ತುವುದು ಫ್ಯಾನ್ ಹಾಕಿಸುವುದಕ್ಕೆ ಮಾತ್ರ. ಪಕ್ಕದಲ್ಲಿ ಹೋಗಿ ನಿಂತೆ. ರೈಲಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಅಷ್ಟರಲ್ಲಿ ಮೈಕು ಹಿಡಿದವರು, “ಆಜ್ ಪೆಹಲಿ ಬಾರ್ ಕೌನ್ ಆಯಾ ಹೈ?” ಎಂದು ಮೊದಲ ಸಲ ಬಂದವರು ಕೈ ಎತ್ತುವಂತೆ ಕೇಳಿದರು. ನಾನು ತಲೆ ತಗ್ಗಿಸಿದೆ. ಗ್ರೇಸಿ ನನ್ನ ಕೈ ಹಿಡಿದು ಮೇಲೆತ್ತಿಬಿಟ್ಟಳು! ಚಪ್ಪಾಳೆಯೋ ಚಪ್ಪಾಳೆ.

“ನಂಗೊತ್ತಿತ್ತು, ನೀನು ಬಂದೇ ಬರ್ತಿ ಅಂತ,” ಎಂದು ಅತ್ತೇಬಿಟ್ಟಳು.

ನಾನು ಸೇರುವುದಕ್ಕಲ್ಲ, ನಿನ್ನನ್ನು ಕರೆದೊಯ್ಯುವುದಕ್ಕೆ ಬಂದದ್ದು ಎನ್ನಲು ಬಾಯಿ ತೆರೆದೆ. “ಥ್ಯಾಂಕ್ಯೂ” ಎಂದು ಬಂತು. ಕಾನ್ವೆಂಟ್ ಟ್ರೈನಿಂಗ್.

ಮರುವಾರ ನಾನು ಬೈಕುಲ್ಲಾದಲ್ಲೇ ಇದ್ದೆ. ಫೋನ್ ಮಾಡಿ ನಿಜ ಹೇಳಬೇಕೆಂದು ಧೈರ್ಯ ಕೂಡಿಸಿಕೊಳ್ಳುವಷ್ಟರಲ್ಲಿ ಅವಳ ಸೊಸೆಯ ಫೋನೇ ಬಂತು. ಗ್ರೇಸಿ ನಿದ್ದೆಯಲ್ಲೇ ತೀರಿಹೋದಳಂತೆ. ಈಸ್ಟರಿಗೆ ನಮ್ಮ ಕನ್ನಡ ಆರಾಧನೆಯೂ ಮುಗಿಯಿತು.

ಕೊನೆಯ ಸಲ ಅವಳನ್ನು ನೋಡಿದ್ದು ಹಾಲಿಗೆ ಹೋಗಿದ್ದ ಆ ಮಧ್ಯಾಹ್ನ, ಮಲಾಡ್ ಸ್ಟೇಷನ್ನಿನಲ್ಲಿ. ಬೇಡವೆಂದರೂ ಪ್ಲಾಟ್‌ಫಾರ್ಮಿನ ತನಕ ಬಂದಿದ್ದಳು. ಲೇಡೀಸ್ ಡಬ್ಬಿ ಹೊರಟಾಗ ಜನರ ನಡುವಿನಿಂದ ಕೂಗಿದಳು: “ನೆಕ್ಸ್ಟ್ ಸಂಡೇ ಬೇಗ ಬಾ, ಪಕ್ಕದ ಚೇರಿಗೆ ಕರ್ಚೀಫು ಹಾಕಿಡ್ತೇನೆ!” ನಾನು ಆಯಿತೆಂದು ತಲೆಯಾಡಿಸಿದೆ. ರೈಲು ಕುಲುಕಿದ್ದಕ್ಕೆ ತಲೆ ಆಡಿತು ಎಂದು ದೇವರಿಗೆ ಈಗಲೂ ಸಮಜಾಯಿಷಿ ಕೊಡುತ್ತಿದ್ದೇನೆ, ಇಂಗ್ಲಿಷಿನಲ್ಲಿ.