ಸಹಸ್ರಬುದ್ಧೆ ಸರ್ ಬೈಯುವುದನ್ನು ನಿಲ್ಲಿಸಿರುವ ಕುರಿತು

ಟೇಕಡಿ ಪ್ರಭಾತ ನಡಿಗೆ ಮಂಡಳಿ, ಕೋಥರೂಡ, ಪುಣೆ
(ಶಿಸ್ತು, ಸ್ವಾಸ್ಥ್ಯ ಮತ್ತು ಹರಟೆ ವಿಭಾಗ)

ಸಂಖ್ಯೆ: ಟೇಪ್ರನಮಂ/ಶಿಸ್ವಾಹ/ಬೈಗುಳ/೦೪/೨೦೨೦
ದಿನಾಂಕ: ೨೧-೫-೨೦೨೦ (ಎಂದು ಭಾವಿಸಲಾಗಿದೆ. ಕ್ಯಾಲೆಂಡರ್ ಹಾಳೆ ಹರಿಯುವುದನ್ನು ಮನೆಯಲ್ಲಿ ಯಾರೂ ವಹಿಸಿಕೊಂಡಿಲ್ಲ.)

ಸುತ್ತೋಲೆ

ವಿಷಯ: ಲಾಕ್‌ಡೌನ್ ಅವಧಿಯಲ್ಲಿ ಸದಸ್ಯರ ನಡಿಗೆ, ಸಂಪರ್ಕ ಹಾಗೂ ಆರೋಗ್ಯವನ್ನು ಕಾಪಾಡಿಕೊಳ್ಳುವ ಬಗ್ಗೆ, ಮತ್ತು ಸದಸ್ಯರಾದ ಶ್ರೀ ವಿಶ್ವನಾಥ ಸಹಸ್ರಬುದ್ಧೆ ಇವರ ಸ್ಥಗಿತಗೊಂಡ ಬೈಗುಳವನ್ನು ಪುನಃ ಚಾಲನೆಗೆ ತರುವ ಬಗ್ಗೆ.

ಉಲ್ಲೇಖ:
೧) ಪೊಲೀಸರು ಜೀಪಿನ ಮೇಲಿಂದ ಕೂಗಿ ಹೊರಡಿಸಿದ ಆದೇಶ.
೨) ಇದೇ ಮಂಡಳಿಯ ಹಿಂದಿನ ಸುತ್ತೋಲೆ (ಯಾರೂ ಓದಿರುವುದಿಲ್ಲ).
೩) ಸದರಿ ಸಹಸ್ರಬುದ್ಧೆಯವರ ಸೊಸೆ ಶ್ರೀಮತಿ ಮೃಣಾಲ್ ಇವರ ದೂರವಾಣಿ ಕರೆ, ಕುಕ್ಕರಿನ ಸೀಟಿ ಸಹಿತ.

ಪ್ರಸ್ತಾವನೆ:

ಉಲ್ಲೇಖ (೧)ರ ಅನ್ವಯ ಟೇಕಡಿಯ, ಅಂದರೆ ಗುಡ್ಡದ, ಗೇಟಿಗೆ ಬೀಗ ಬಿದ್ದಿದ್ದು, ಮಂಡಳಿಯ ಸದಸ್ಯರು ಬೆಳಗಿನ ಗುಡ್ಡ ಹತ್ತುವಿಕೆಯನ್ನು ಬಿಟ್ಟು ಮನೆಯಲ್ಲಿ ಕುಳಿತಿರುತ್ತಾರೆ. ಲಾಕ್‌ಡೌನ್ ಪುಣೆಗೆ ಹೊಸದೇನೂ ಅಲ್ಲ. ಅಂಗಡಿಗಳೆಲ್ಲ ಬಾಗಿಲೆಳೆದು ನಿದ್ದೆ ಮಾಡುವ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅದು ಪೇಶ್ವೆಗಳ ಕಾಲದಿಂದಲೂ ಜಾರಿಯಲ್ಲಿದ್ದು, ಈಗ ಉಳಿದ ವೇಳೆಗೂ ವಿಸ್ತರಿಸಲ್ಪಟ್ಟಿದೆ ಅಷ್ಟೇ. ಆದಾಗ್ಯೂ ನಡಿಗೆ ನಿಂತಲ್ಲಿ ಮೊಣಕಾಲು, ಸಕ್ಕರೆ ಕಾಯಿಲೆ ಮತ್ತು ಸೊಸೆಯಂದಿರ ಸಹನೆ ಕೈಮೀರುವ ಸಂಭವವಿರುವುದರಿಂದ, ಸದಸ್ಯರೆಲ್ಲರೂ ಈ ಕೆಳಕಂಡ ಅಂಶಗಳನ್ನು ಚಾಚೂತಪ್ಪದೆ ಪಾಲಿಸುವಂತೆ ಈ ಮೂಲಕ ಸೂಚಿಸಲಾಗಿದೆ.

೧. ನಡಿಗೆಯ ವ್ಯಾಖ್ಯೆ: ಇನ್ನು ಮುಂದೆ ಪ್ರತಿ ಸದಸ್ಯರ ಮನೆಯ ಪಡಸಾಲೆಯನ್ನು ಗುಡ್ಡದ ಬುಡವೆಂದೂ ಅಡುಗೆಮನೆಯನ್ನು ಗುಡ್ಡದ ತುದಿಯೆಂದೂ ಪರಿಗಣಿಸತಕ್ಕದ್ದು. ತುದಿ ತಲುಪಿದವರು ಅಲ್ಲಿ ಫ್ರಿಜ್ಜಿನ ಬಾಗಿಲು ತೆರೆಯುವುದನ್ನು ವ್ಯಾಯಾಮವೆಂದು ಮಾನ್ಯ ಮಾಡಲಾಗುವುದಿಲ್ಲ. ಈ ಸಂಬಂಧ ಸದಸ್ಯ ಶ್ರೀ ಬಾಜೀರಾವ ಢಮಢೇರೆ ಅವರು “ಶ್ರೀಖಂಡದ ಡಬ್ಬಿ ಕೆಳಗಿನ ಖಾನೆಯೊಳಗ ಅದ. ಬಗ್ಗಿ ತಗೀಬೇಕು, ಎದ್ದು ತಿನ್ನಬೇಕು. ಇದು ವ್ಯಾಯಾಮ ಅಲ್ಲಂದ್ರ ಮತ್ತ್ಯಾವುದು?” ಎಂದು ಸಲ್ಲಿಸಿದ ಮೌಖಿಕ ಮೇಲ್ಮನವಿಯನ್ನು ವಜಾಗೊಳಿಸಲಾಗಿದೆ.

೨. ಏಕಮುಖ ಸಂಚಾರ: ಊಟದ ಮೇಜಿನ ಸುತ್ತ ನಡೆಯುವವರು ಪ್ರದಕ್ಷಿಣೆಯ ದಿಕ್ಕಿನಲ್ಲಿಯೇ ನಡೆಯತಕ್ಕದ್ದು. ಗಂಡ ಹೆಂಡತಿ ಇಬ್ಬರೂ ಸದಸ್ಯರಾಗಿದ್ದಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯುವುದು ಕಡ್ಡಾಯ. ವಿರುದ್ಧ ದಿಕ್ಕಿನಲ್ಲಿ ನಡೆದ ದಂಪತಿಗಳು ಎದುರಾದಾಗಲೆಲ್ಲ ಮದುವೆಯ ದಿನದ ಯಾವುದಾದರೊಂದು ವಿಷಯ ಎತ್ತುತ್ತಿರುವುದಾಗಿ ಅಕ್ಕಪಕ್ಕದವರಿಂದ ದೂರುಗಳು ಬಂದಿರುತ್ತವೆ.

೩. ಸಂಪರ್ಕ: ಬೆಳಗ್ಗೆ ಎಲ್ಲರೂ ಒಂದೇ ಫೋನ್ ಕರೆಯಲ್ಲಿ ಸೇರಿಕೊಂಡು ನಡೆಯತಕ್ಕದ್ದು. ಹಾಜರಿಯನ್ನು ಏದುಸಿರಿನ ಆಧಾರದ ಮೇಲೆ ಹಾಕಲಾಗುವುದು. ಸುಳ್ಳು ಏದುಸಿರು ಬಿಡುವುದು ದಂಡನಾರ್ಹ. ಮೇಲ್ಕಂಡ ಢಮಢೇರೆಯವರು ಕಳೆದ ವಾರ ಅತ್ಯಂತ ಕಡಿದಾದ ಏರು ಹತ್ತುತ್ತಿರುವಂತೆ ಉಸಿರು ಬಿಡುತ್ತಿದ್ದಾಗ, “ಅಹೋ, ಚಹಾ ಆರ್ಲಿಕ್ಕತ್ತದ. ಇನ್ನರೆ ಹಾಸಿಗಿ ಬಿಟ್ಟು ಏಳ್ರಿ” ಎಂಬ ಅವರ ಪತ್ನಿಯ ಹೇಳಿಕೆಯು ಹಿನ್ನೆಲೆಯಲ್ಲಿ ಎಲ್ಲ ಸದಸ್ಯರಿಗೂ ಸ್ಪಷ್ಟವಾಗಿ ಕೇಳಿಸಿರುತ್ತದೆ.

೩(ಅ). ಕರೆ ಮುಗಿಸುವ ಬಗ್ಗೆ: “ಹೋಗ್ತೇನಿ” ಎನ್ನುವುದು ಅಶುಭವಾಗಿದ್ದು, ಎಲ್ಲರೂ “ಬರ್ತೇನಿ” ಎನ್ನುತ್ತಿದ್ದಾರೆ. ಬರುತ್ತೇನೆ ಎಂದವರು ಫೋನ್ ಇಡುವುದು ಸಭ್ಯತೆಯಲ್ಲವೆಂದು ಯಾರೂ ಮೊದಲು ಇಡುತ್ತಿಲ್ಲ. ಇದರಿಂದ ಕರೆಯು ಬ್ಯಾಟರಿ ಸಾಯುವವರೆಗೆ ಮುಂದುವರಿಯುತ್ತಿದೆ. ಆದುದರಿಂದ ಕಾರ್ಯದರ್ಶಿಯವರ ಕುಕ್ಕರು ಸೀಟಿ ಹೊಡೆದ ಕೂಡಲೇ ಎಲ್ಲರೂ ಏಕಕಾಲಕ್ಕೆ ಅಸಭ್ಯರಾಗತಕ್ಕದ್ದು.

೪. ಕಟ್ಟೆ: ಮಂಡಳಿಯು ಗುಡ್ಡದ ಮೇಲೆ ಕೊಂಚ ಹೊತ್ತು ನಡೆದು ಬಹಳ ಹೊತ್ತು ಕಟ್ಟೆಯ ಮೇಲೆ ಕೂರುತ್ತಿದ್ದುದು ಸರ್ವವಿದಿತ. ಸದಸ್ಯರನ್ನು ಕಾಡುತ್ತಿರುವುದು ನಡಿಗೆಯ ಕೊರತೆಯಲ್ಲ, ಕೂರುವುದರ ಕೊರತೆಯೆಂದು ವಿಭಾಗವು ಮನಗಂಡಿದೆ. ತಮ್ಮ ತಮ್ಮ ಬಾಲ್ಕನಿಯಲ್ಲಿ ಸ್ಟೂಲು ಹಾಕಿಕೊಂಡು ಅದನ್ನೇ ಕಟ್ಟೆಯೆಂದು ಭಾವಿಸಲು ಅನುಮತಿಸಲಾಗಿದೆ. ಆದರೆ ಗೈರುಹಾಜರಾದ ಸದಸ್ಯರ ಬಗ್ಗೆ ಮಾತಾಡುವ ಹಳೆಯ ಪದ್ಧತಿಯನ್ನು ತಾತ್ಕಾಲಿಕವಾಗಿ ರದ್ದುಪಡಿಸಲಾಗಿದೆ. ಗೈರುಹಾಜರಾದವರು ಪಕ್ಕದ ಬಾಲ್ಕನಿಯಲ್ಲೇ ಇರುತ್ತಾರೆ.

೫. ಮುಖ್ಯ ವಿಷಯ: ಈವರೆಗಿನ ಅಂಶಗಳನ್ನು ಪಾಲಿಸದಿದ್ದರೂ ನಡೆಯುತ್ತದೆ. ಇದನ್ನು ಪಾಲಿಸಲೇಬೇಕು.

ನಿವೃತ್ತ ಮರಾಠಿ ಶಿಕ್ಷಕರಾದ ಶ್ರೀ ಸಹಸ್ರಬುದ್ಧೆ ಸರ್ ಇವರು ಗುಡ್ಡದ ಮೇಲೆ ಹೂವು ಕೀಳುವವರನ್ನು, ಜೋರಾಗಿ ಹಾಡು ಹಾಕಿಕೊಂಡು ನಡೆಯುವವರನ್ನು, ಫಲಕದಲ್ಲಿ ಹ್ರಸ್ವ ಬರೆಯುವಲ್ಲಿ ದೀರ್ಘ ಬರೆದ ಅರಣ್ಯ ಸಿಬ್ಬಂದಿಯನ್ನು ಮತ್ತು ವಿಶೇಷವಾಗಿ ಈ ಕಾರ್ಯದರ್ಶಿಯನ್ನು ಪ್ರತಿದಿನ ಬೈಯುತ್ತಿದ್ದರು. ಅವರ ಜೊತೆಗಾರ ಶ್ರೀ ಭಾವೂರಾವ ಘಾಟಪಾಂಡೆ ಇವರು ಅದನ್ನೆಲ್ಲ ವಿರೋಧಿಸುತ್ತ ಪಕ್ಕದಲ್ಲೇ ನಡೆಯುತ್ತಿದ್ದರು. ಸರ್ “ಇವತ್ತ ಗಾಳಿ ಛಲೋ ಅದ” ಎಂದರೆ ಘಾಟಪಾಂಡೆಯವರು “ಇದು ಗಾಳಿ ಅಲ್ಲೋ, ಧೂಳು. ಮೂಗು ಎಲ್ಲಿಟ್ಟೀ?” ಎನ್ನುತ್ತಿದ್ದರು. ಇಷ್ಟು ವರ್ಷಗಳಲ್ಲಿ ಇಬ್ಬರೂ ಒಂದು ಮುಂಜಾನೆಯಾದರೂ ಒಮ್ಮತಕ್ಕೆ ಬಂದ ದಾಖಲೆ ಇರುವುದಿಲ್ಲ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಗುಡ್ಡ ಹತ್ತಿದ ದಾಖಲೆಯೂ ಇರುವುದಿಲ್ಲ.

ಈ ತಿಂಗಳ ಮೊದಲ ವಾರ ಘಾಟಪಾಂಡೆಯವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಸ್ಮಶಾನಕ್ಕೆ ಮನೆಯವರಲ್ಲೇ ನಾಲ್ಕು ಜನರಿಗಷ್ಟೇ ಅನುಮತಿ ಇತ್ತು. ಮಂಡಳಿಗೆ ಇರಲಿಲ್ಲ. ಸಹಸ್ರಬುದ್ಧೆ ಸರ್ ಅವರಿಗೂ ಇರಲಿಲ್ಲ. ಅಂದು ಅವರು ಗುಡ್ಡ ಹತ್ತುವ ಬೂಟು ಹಾಕಿ ಲೇಸು ಕಟ್ಟಿಕೊಂಡು ಬಾಲ್ಕನಿಯಲ್ಲಿ ನಿಂತಿದ್ದು, ಕತ್ತಲಾದ ಮೇಲೆ ಸೊಸೆಯೇ ಕೂತು ಲೇಸು ಬಿಚ್ಚಿದ್ದಾಗಿ ತಿಳಿದುಬಂದಿದೆ.

ಅಂದಿನಿಂದ ಸರ್ ಯಾರನ್ನೂ ಬೈದಿರುವುದಿಲ್ಲ. ಉಲ್ಲೇಖ (೩)ರ ಕರೆಯಲ್ಲಿ ಶ್ರೀಮತಿ ಮೃಣಾಲ್ ಅವರು ಕಾರ್ಯದರ್ಶಿಗೆ ತಿಳಿಸಿರುವುದೇನೆಂದರೆ: “ಕಾಕು, ನಿನ್ನೆ ಬ್ಯಾಳಿ ಆಮಟಿಗೆ ಉಪ್ಪು ಹಾಕೋದು ಮರತೆ. ಮಾವನವರು ಸುಮ್ಮನ ಉಂಡು ಕೈ ತೊಳಕೊಂಡ್ರು. ಇವತ್ತ ಬೇಕಂತನ ಹಾಕಲಿಲ್ಲ. ಇವತ್ತೂ ಸುಮ್ಮನ ಉಂಡ್ರು. ನಂಗ ಅಂಜಿಕಿ ಆಗ್ಲಿಕ್ಕತ್ತದ.” ಸರ್ ಕುರ್ಚಿ ಬಿಟ್ಟು ಏಳುತ್ತಿಲ್ಲ. ಕಾಲು ಊದಿಕೊಂಡಿದೆ. ವೈದ್ಯರು ಫೋನಿನಲ್ಲಿ, “ಹಿಂಗ ಕೂತ್ರ ಕಾಲಾಗ ರಕ್ತ ಹೆಪ್ಪುಗಟ್ಟತದ. ಔಷಧಕ್ಕಿಂತ ಮೊದಲು ಅವರನ್ನ ಎಬ್ಬಿಸಿ ನಡಸ್ರಿ” ಎಂದಿದ್ದಾರೆ. ಎಬ್ಬಿಸಲು ಮಗನಿಂದ ಆಗಿಲ್ಲ, ಸೊಸೆಯಿಂದ ಆಗಿಲ್ಲ. ಆದುದರಿಂದ ವಿಷಯವು ಮಂಡಳಿಗೆ ವರ್ಗಾವಣೆಯಾಗಿದೆ.

೬. ಸಾಂತ್ವನ ನಿಷೇಧ: ಸರ್ ಅವರಿಗೆ ಫೋನ್ ಮಾಡಿ “ಧೈರ್ಯ ತಗೋರಿ”, “ಎಲ್ಲಾ ಅವನ ಇಚ್ಛಾ” ಇತ್ಯಾದಿ ಹೇಳುವುದನ್ನು ತಕ್ಷಣದಿಂದ ನಿಷೇಧಿಸಲಾಗಿದೆ. ಇಂಥ ಕರೆಗಳಿಗೆಲ್ಲ ಅವರು “ಹೂಂ” ಎಂದಷ್ಟೇ ಉತ್ತರಿಸಿರುತ್ತಾರೆ. ಸಹಸ್ರಬುದ್ಧೆ ಸರ್ ಬಾಯಿಂದ ಬರಿಯ “ಹೂಂ” ಬರುವುದನ್ನು ಮಂಡಳಿಯು ಸಹಿಸಿಕೊಳ್ಳಲಾರದು.

೭. ಪ್ರಚೋದನೆ: ಹಾಲು ತರಲು ಪೊಲೀಸರ ಅನುಮತಿ ಇರುವುದರಿಂದ, ಪ್ರತಿ ಸದಸ್ಯರೂ ತಮ್ಮ ಮನೆಯ ಎದುರಿನ ಅಂಗಡಿಯನ್ನು ಬಹಿಷ್ಕರಿಸಿ, ಸಹಸ್ರಬುದ್ಧೆ ಸರ್ ಅವರ ಓಣಿಯಾಚೆಯ ಡೇರಿಯಿಂದಲೇ ಹಾಲು ತರತಕ್ಕದ್ದು. ಅವರ ಬಾಲ್ಕನಿಯ ಕೆಳಗೆ ಬಂದಾಗ, ತಮಗೆ ನೇಮಿಸಲಾದ ತಪ್ಪನ್ನು ಎಲ್ಲರಿಗೂ ಕೇಳಿಸುವಂತೆ ಅಥವಾ ಕಾಣಿಸುವಂತೆ ಮಾಡತಕ್ಕದ್ದು. ಒಬ್ಬರ ತಪ್ಪಿಗೂ ಮತ್ತೊಬ್ಬರ ತಪ್ಪಿಗೂ ನಡುವೆ ಆರು ಅಡಿ ಅಂತರವಿರಲಿ. ಮಾಸ್ಕ್ ಧರಿಸದಿರುವುದನ್ನು ತಪ್ಪೆಂದು ಆರಿಸಿಕೊಳ್ಳುವಂತಿಲ್ಲ, ಬೈಸಿಕೊಳ್ಳಲು ಬದುಕಿರಬೇಕಾಗುತ್ತದೆ.

ಈಗಾಗಲೇ ಹಂಚಿಕೆಯಾದ ತಪ್ಪುಗಳು:

(ಕ) ಸರ್ ಅವರ ಗೇಟಿನ ಮೇಲೆ “ಇಲ್ಲಿ ಗಾಡಿ ನಿಲ್ಲಿಸುವ ಬುದ್ಧಿವಂತರ ಗಾಲಿಯ ಗಾಳಿಯನ್ನು ಉಚಿತವಾಗಿ ತೆಗೆದುಕೊಡಲಾಗುವುದು” ಎಂಬ ಫಲಕವಿದೆ. ಅದರ ಕೆಳಗೇ ಶ್ರೀ ಢಮಢೇರೆ ಸ್ಕೂಟರ್ ನಿಲ್ಲಿಸತಕ್ಕದ್ದು. ಕೇಳಿದ ಕಾನ್‌ಸ್ಟೇಬಲ್‌ಗೆ “ಅರ್ಧ ಲೀಟರ್ ಹಾಲಿಗೆ ಇಷ್ಟು ದೂರ ಯಾಕಂದ್ರ, ಇಲ್ಲಿ ಆಕಳು ಓದಿಕೊಂಡಾವ್ರೀ” ಎಂಬ ಉತ್ತರವನ್ನು ಅವರು ಸ್ವಂತ ಬುದ್ಧಿಯಿಂದ ಕೊಟ್ಟಿದ್ದು, ಇದನ್ನು ಮತ್ತಾರೂ ಬಳಸಕೂಡದು.

(ಖ) ಕಾಂಪೌಂಡಿನಾಚೆ ಚಾಚಿದ ದಾಸವಾಳವನ್ನು ಶ್ರೀಮತಿ ಢಮಢೇರೆ ಕೀಳತಕ್ಕದ್ದು. ಮೊಗ್ಗುಗಳನ್ನೂ ಬಿಡಬಾರದು. ಕಿತ್ತು “ದೇವರಿಗೆ ತಾನೇ” ಎನ್ನತಕ್ಕದ್ದು.

(ಗ) ಈ ಕಾರ್ಯದರ್ಶಿಯು ಬಾಲ್ಕನಿಯ ಕೆಳಗೆ ನಿಂತು ಮರಾಠಿ ಮಾತಾಡತಕ್ಕದ್ದು. ಗದಗದಿಂದ ಮದುವೆಯಾಗಿ ಬಂದು ಇಲ್ಲಿ ಮೊಮ್ಮಕ್ಕಳನ್ನು ಕಂಡರೂ, ಮರಾಠಿಯಲ್ಲಿ ಯಾವ ವಸ್ತು ಗಂಡು, ಯಾವುದು ಹೆಣ್ಣು, ಯಾವುದು ಎರಡೂ ಅಲ್ಲ ಎಂಬುದು ಇವರ ತಲೆಗೆ ಇನ್ನೂ ಹತ್ತಿಲ್ಲವಾದ್ದರಿಂದ, ಪ್ರತ್ಯೇಕ ತರಬೇತಿಯ ಅಗತ್ಯ ಕಂಡುಬಂದಿರುವುದಿಲ್ಲ.

೮. ಪ್ರಗತಿ ವರದಿ (ಪ್ರಾಯೋಗಿಕ ಹಂತ): ಸ್ಕೂಟರಿಗೆ ಪರದೆ ಅಲುಗಿದೆ. ದಾಸವಾಳಕ್ಕೆ ಸರ್ ಕುರ್ಚಿಯ ಕೈ ಹಿಡಿದು ಅರ್ಧ ಎದ್ದು ಮತ್ತೆ ಕೂತಿರುವುದಾಗಿ ಮೃಣಾಲ್ ತಿಳಿಸಿದ್ದಾರೆ. ನಿನ್ನೆ ಕಾರ್ಯದರ್ಶಿಯು, “ಹಾಲು ಬಂದಾಳೇನ್ರೀ? ನಿನ್ನೆ ತಂದ ಹಾಲು ಒಡದು ಹೋದಳು” ಎಂಬರ್ಥದ ಮರಾಠಿಯಲ್ಲಿ ಓಣಿಗೆಲ್ಲ ಕೇಳುವಂತೆ ವಿಚಾರಿಸಿದಾಗ, ಸರ್ ಬಾಲ್ಕನಿಯ ಬಾಗಿಲವರೆಗೆ ನಡೆದು ಬಂದಿರುತ್ತಾರೆ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ತುಟಿ ಅಲುಗಿತು. ತಿರುಗಿ ಒಳಗೆ ಹೋದರು. ಕಾರ್ಯದರ್ಶಿಗೆ ಹಾಲಿನ ಪಾಕೀಟು ಹಿಡಿದುಕೊಂಡು ಅಲ್ಲಿಯೇ ಅಳು ಬಂದಿದ್ದು, ಇದನ್ನು ನಡಾವಳಿಯಲ್ಲಿ ನಮೂದಿಸಲು ತಮ್ಮದೇನೂ ಆಕ್ಷೇಪವಿಲ್ಲವೆಂದು ಅವರು ತಿಳಿಸಿರುತ್ತಾರೆ.

೯. ಬೈಗುಳ ದೊರೆತಲ್ಲಿ: ಸರ್ ಬೈದಲ್ಲಿ ಯಾವ ಸದಸ್ಯರೂ ಚಪ್ಪಾಳೆ ತಟ್ಟಬಾರದು, ತಟ್ಟೆ ಬಡಿಯಬಾರದು, ಹಲ್ಲು ಬಿಡಬಾರದು. ಮಾಸ್ಕಿನ ಒಳಗೆ ಹಲ್ಲು ಬಿಟ್ಟರೂ ಕಣ್ಣು ಹೇಳಿಬಿಡುತ್ತದೆಂಬುದು ಗಮನದಲ್ಲಿರಲಿ. ಬೈಸಿಕೊಂಡವರು ಮುಖ ಸಣ್ಣದು ಮಾಡಿಕೊಂಡು ನಿಂತು ಪೂರ್ತಿ ಕೇಳತಕ್ಕದ್ದು. ಅರ್ಧಕ್ಕೆ ಕ್ಷಮೆ ಕೇಳಿ ಬೈಗುಳವನ್ನು ಮೊಟಕುಗೊಳಿಸಿದವರ ಸದಸ್ಯತ್ವ ರದ್ದಾಗುವುದು.

೧೦. ಎದುರುತ್ತರ: ಬೈಗುಳಕ್ಕೆ ಎದುರುತ್ತರ ಕೊಡುವ ಕೆಲಸವು ಘಾಟಪಾಂಡೆಯವರದಾಗಿತ್ತು. ಢಮಢೇರೆಯವರು “ನಾನು ನೋಡಿಕೋತೇನಿ” ಎಂದು ಮುಂದೆ ಬಂದಿದ್ದು, ಅವರ ಒಳ್ಳೆಯ ಮನಸ್ಸನ್ನು ದಾಖಲಿಸಿಕೊಂಡು ಅರ್ಜಿಯನ್ನು ತಿರಸ್ಕರಿಸಲಾಗಿದೆ. ಸದರಿ ಸ್ಥಾನವು ಖಾಲಿ ಇರುತ್ತದೆ. ಅದನ್ನು ಭರ್ತಿ ಮಾಡಲಾಗುವುದಿಲ್ಲ.

೧೧. ನಮಗ್ಯಾರಿಗೂ ಭಾವೂರಾವ ಅವರನ್ನು ಕಳಿಸಿಕೊಡಲು ಹೋಗಲಾಗಲಿಲ್ಲ. ಅದು ಎಲ್ಲರ ಎದೆಯಲ್ಲೂ ಇದೆ. ಇನ್ನೊಬ್ಬರನ್ನು ಹಾಗೆಯೇ ಬಾಲ್ಕನಿಯಿಂದ ನೋಡುತ್ತ ಕಳಿಸಲು ಮಂಡಳಿಯು ತಯಾರಿಲ್ಲ. ಈ ಅಂಶಕ್ಕೆ ಉಪನಿಯಮಗಳಿರುವುದಿಲ್ಲ.

ಮೇಲ್ಕಂಡ ಸೂಚನೆಗಳು ನಾಳೆ ಬೆಳಗಿನ ಹಾಲಿನಿಂದ ಜಾರಿಗೆ ಬರುತ್ತವೆ. ತಪ್ಪು ಮಾಡಲು ತಪ್ಪಿದವರ ಮೇಲೆ ಸೂಕ್ತ ಕ್ರಮ ಜರುಗಿಸಲಾಗುವುದು.

(ಸಹಿ)
ಸರೋಜಾ ಹುಯಿಲಗೋಳ
ಕಾರ್ಯದರ್ಶಿ ಹಾಗೂ ಪ್ರಭಾರಿ ಮುಖ್ಯಸ್ಥೆ,
ಶಿಸ್ತು, ಸ್ವಾಸ್ಥ್ಯ ಮತ್ತು ಹರಟೆ ವಿಭಾಗ

ಪ್ರತಿಗಳು:

೧) ಎಲ್ಲ ಸದಸ್ಯರಿಗೆ, ಫೋನಿನ ಮೂಲಕ. “ಸುಪ್ರಭಾತ” ಎಂಬ ಹೂವಿನ ಚಿತ್ರಗಳ ನಡುವೆ ಹುಡುಕಿ ಓದಿಕೊಳ್ಳುವುದು.

೨) ಶ್ರೀಮತಿ ಢಮಢೇರೆ ಅವರಿಗೆ, ಪತಿಯವರಿಗೆ ಗಟ್ಟಿಯಾಗಿ ಓದಿ ಹೇಳುವ ಸಲುವಾಗಿ.

೩) ಓಣಿಯ ಕಾನ್‌ಸ್ಟೇಬಲ್ ಅವರಿಗೆ, ಮಾಹಿತಿಗಾಗಿ ಮತ್ತು ಅತ್ತ ಮುಖ ತಿರುಗಿಸಿ ನಿಲ್ಲುವ ಸಲುವಾಗಿ.

೪) ಶ್ರೀಮತಿ ಮೃಣಾಲ್ ಸಹಸ್ರಬುದ್ಧೆ ಅವರಿಗೆ. ಮುಂದಿನ ಆದೇಶದವರೆಗೆ ಆಮಟಿಗೆ ಉಪ್ಪು ಹಾಕಬಾರದು. ಕೆಂಪು ಪೆನ್ನನ್ನು ಸರ್ ಕೈಗೆ ಸಿಗುವಲ್ಲಿ ಇಡತಕ್ಕದ್ದು. ಬೂಟುಗಳನ್ನು ಬಾಗಿಲ ಬಳಿ ಇಡತಕ್ಕದ್ದು.

೫) ಘಾಟಪಾಂಡೆ ಅವರ ಮನೆಯವರಿಗೆ, ಗೌರವಪೂರ್ವಕವಾಗಿ.

೬) ಶ್ರೀ ವಿಶ್ವನಾಥ ಸಹಸ್ರಬುದ್ಧೆ ಅವರಿಗೆ ಪ್ರತಿ ಕಳಿಸಲಾಗುವುದಿಲ್ಲ. ಇದರ ಮರಾಠಿ ಪ್ರತಿಯನ್ನು ಅವರ ಗೇಟಿನೆದುರಿನ ಬೇವಿನ ಮರಕ್ಕೆ, ಬಾಲ್ಕನಿಯಿಂದ ಓದಲು ಬಾರದಷ್ಟು ಸಣ್ಣ ಅಕ್ಷರದಲ್ಲಿ ಬರೆದು ಕಟ್ಟಲಾಗಿದೆ. ಯಾರಿಗೂ ತೋರಿಸದೆ ಕಾರ್ಯದರ್ಶಿಯೇ ಬರೆದಿರುತ್ತಾರೆ. ಸರ್, ಒಂದೂ ಸಾಲು ಸರಿಯಾಗಿಲ್ಲ. ಕೆಳಗೆ ಬರ್ರಿ.