ಜಕ್ಕನಕೆರೆಯ ನೀರು ತಿಳಿಗೊಳಿಸಿದ ಕಪ್ಪೆಚಿಪ್ಪಿನವರಿಗೆ

ಶ್ರೀಮಾನ್ ಪಟ್ಟೆ ಕಪ್ಪೆಚಿಪ್ಪಿನವರು ಮತ್ತು ಎಣಿಕೆಗೆ ಸಿಗದ ಕುಟುಂಬಸ್ಥರು,
ತೂಬಿನ ಕಲ್ಲು, ಜಕ್ಕನಕೆರೆ, ಶಿಕಾರಿಪುರ ತಾಲ್ಲೂಕು.

ಮಾನ್ಯರೇ,

ತಮಗೆ ನಮ್ಮೂರಿನ ಸಮಸ್ತರ ಪರವಾಗಿ ಸಾಷ್ಟಾಂಗ ನಮಸ್ಕಾರಗಳು. ಕೆರೆಯಲ್ಲಿ ಕಾಲಿಟ್ಟಲ್ಲೆಲ್ಲ ಅಂಗಾಲು ಕೊಯ್ದು ರಕ್ತ ಬರುತ್ತಿದ್ದುದರಿಂದ ತಾವು ಸಪರಿವಾರ ಸುಖವಾಗಿದ್ದೀರೆಂಬುದು ನಮಗೆ ಆಗಾಗ ತಿಳಿಯುತ್ತಲೇ ಇತ್ತು. ನಾನು ಗಂಗಾಶ್ರೀ. ಇದೇ ಕೆರೆಯಲ್ಲಿ ಮೀನುಮರಿ ಬಿಟ್ಟು, ಬೆಳೆಸಿ, ಸೊರಬದ ಸಂತೆಯಲ್ಲಿ ಮಾರುವ ಮಾಳೇಶನ ಹೆಂಡತಿ. ನಮ್ಮ ಮಾವನವರ ಕಾಲದಿಂದ ನಾವು ಇಲ್ಲಿದ್ದೇವೆ, ತಾವು ಬಂದದ್ದು ಮೊನ್ನೆ ಮೊನ್ನೆ. ಆದರೂ ಹಕ್ಕಿನ ಮಾತಿನಲ್ಲಿ ತಮ್ಮೆದುರು ನಾವು ನಿಲ್ಲುವಂತಿಲ್ಲ. ಪಹಣಿಯಲ್ಲಿ ಒಂದು ಹೆಸರು ಸೇರಿಸಲು ಊರಿನವರು ತಾಲ್ಲೂಕು ಕಚೇರಿಗೆ ಚಪ್ಪಲಿ ಸವೆಸುತ್ತಿರುವಾಗ, ತಾವು ಅರ್ಜಿಯಿಲ್ಲದೆ, ಸರ್ವೆಯಿಲ್ಲದೆ, ಇಡೀ ಕೆರೆಯ ತಳವನ್ನು ಸ್ವಂತಕ್ಕೆ ಮಾಡಿಕೊಂಡ ಜಾಣ್ಮೆಗೆ ನಮ್ಮ ಮೆಚ್ಚುಗೆ ಸಲ್ಲಬೇಕು.

ತಾವು ಚಿತ್ತೈಸಿದ್ದು ಪ್ರವಾಸಿಗರ ವಿಹಾರಕ್ಕೆಂದು ಎಲ್ಲಿಯದೋ ಜಲಾಶಯದಿಂದ ಲಾರಿಯಲ್ಲಿ ತಂದ ಹಳೆಯ ದೋಣಿಯ ತಳಕ್ಕೆ ಅಂಟಿಕೊಂಡು. ಕೆರೆ ಸಮಿತಿಯ ಅಧ್ಯಕ್ಷರಾದ ರಾಜಪ್ಪನವರು ದೋಣಿಯ ಮೂತಿಗೆ ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದು, ಕೈಯಾರೆ ನೀರಿಗೆ ನೂಕಿದರು. ಬಂದವರ ಮುಖ ನೋಡಿ ಸತ್ಕರಿಸುವುದು ನಮ್ಮ ಪದ್ಧತಿ, ತಳ ನೋಡುವ ಪದ್ಧತಿ ನಮ್ಮಲ್ಲಿಲ್ಲ.

ಮುಂದಿನ ಬೇಸಿಗೆಯ ಹೊತ್ತಿಗೆ ಹಸಿರಾಗಿದ್ದ ನೀರು ತಿಳಿಯಾಯಿತು. ಆಳದ ಕಲ್ಲುಗಳೂ ಕಾಣತೊಡಗಿದವು. "ನೋಡ್ರೀ, ನಮ್ಮ ಕೆರೆ ಹೆಂಗೈತಿ! ಬಾಟ್ಲಿಗೆ ತುಂಬಿ ಮಾರಬಹುದು," ಎಂದು ರಾಜಪ್ಪನವರು ದಾರಿಹೋಕರನ್ನೆಲ್ಲ ಏರಿಯ ಮೇಲೆ ಕರೆದು ತೋರಿಸಿದರು. ಮೇಲಿನ ಕಚೇರಿಯವರು ಬಂದು ಸ್ವಚ್ಛ ಕೆರೆಯೆಂದು ಫಲಕ ಕೊಟ್ಟರು. ಆ ಫೋಟೋದಲ್ಲಿ ನಮ್ಮ ಮನೆಯವರೂ ಬಾಯಿತುಂಬ ನಗುತ್ತ ನಿಂತಿದ್ದಾರೆ. ನಿಜವಾದ ಸಾಧಕರಾದ ತಮ್ಮನ್ನು ಮಾತ್ರ ಯಾರೂ ವೇದಿಕೆಗೆ ಕರೆಯಲಿಲ್ಲ, ಆ ಅಪಚಾರವನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ಉಳಿದದ್ದನ್ನೆಲ್ಲ ಆಗಲೇ ಹಾಕಿಕೊಂಡಿದ್ದೀರಿ.

ಬಲೆ ಎಳೆದ ದಿನ ನಗು ಇಳಿಯಿತು. ಸಿಕ್ಕಿದ ಕಾಟ್ಲಾ ಮೀನುಗಳಿಗೆ ತಲೆ ಮಾತ್ರ ಕಾಟ್ಲಾದ್ದು, ಮೈ ಒಣಗಿದ ಹುಣಸೆಕಾಯಿಯಂತೆ. ಸಂತೆಯಲ್ಲಿ ಒಬ್ಬಾಕೆ ಬುಟ್ಟಿಗೆ ಬಗ್ಗಿ ನೋಡಿ, "ಏನಕ್ಕ, ತಲೆ ಅಷ್ಟೇ ತಂದೀಯಲ್ಲ, ಮೈ ಮನೇಲಿ ಇಟ್ಟು ಬಂದ್ಯಾ?" ಎಂದಳು. ಅಕ್ಕಪಕ್ಕದವರು ನಕ್ಕರು. ನಾನೂ ನಕ್ಕೆ, ಬಸ್ಸಿನಲ್ಲಿ ಕೂತ ಮೇಲೆ ಅತ್ತೆ.

ಮೀನುಗಾರಿಕೆ ಓದಿ ನಮ್ಮ ಕಡೆಗೆ ಕೆಲಸಕ್ಕೆ ಬಂದಿರುವ ನಯನ ಎಂಬ ಹುಡುಗಿ ಕೆರೆ ನೋಡಿ ತಮ್ಮ ಪ್ರತಾಪವನ್ನು ಬಿಡಿಸಿ ಹೇಳಿದಳು. "ಅಕ್ಕಾ, ನೀರಿನ ಹಸಿರೇ ಮೀನಿನ ಊಟ ಕಣ್ರೀ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಅದನ್ನ ತಿನ್ನೋ ಸಣ್ಣ ಹುಳ, ಆ ಹುಳ ತಿನ್ನೋ ಕಾಟ್ಲಾ. ಈ ಚಿಪ್ಪುಗಳು ನೀರೆಲ್ಲ ಸೋಸಿ ಮೊದಲ ಪಂಕ್ತಿಯಲ್ಲೇ ಎಲ್ಲಾ ಬಳಿದುಬಿಟ್ಟಿವೆ." ಹಾಗೆಂದು ಸಿಕ್ಕಿದ್ದೆಲ್ಲ ತಿನ್ನುವ ಹೊಟ್ಟೆಬಾಕರು ತಾವಲ್ಲ. ವಿಷದ ಪಾಚಿ ಬಾಯಿಗೆ ಬಂದರೆ, ಚಿತ್ರಾನ್ನದ ಕರಿಬೇವನ್ನು ಎಲೆಯಂಚಿಗೆ ಸರಿಸಿದಂತೆ, ಅದನ್ನು ಮಾತ್ರ ಉಗಿದುಬಿಡುತ್ತೀರಂತೆ. ಪೈಪೋಟಿಯಿಲ್ಲದ ಆ ಪಾಚಿ ಚೈತ್ರದ ಬಿಸಿಲಿಗೆ ಉಬ್ಬಿ, ದಂಡೆಯುದ್ದಕ್ಕೂ ಬಣ್ಣದ ಡಬ್ಬಿ ಚೆಲ್ಲಿದಂತೆ ಕಟ್ಟಿತು.

ಇಲ್ಲಿ ನನ್ನ ವಿನಯ ಸ್ವಲ್ಪ ಜಾರಿದರೆ ಮನ್ನಿಸಬೇಕು. ಲೋಕಪ್ಪನವರ ಕುರಿಗಳು ದಿನವೂ ನೀರು ಕುಡಿಯುವ ಜಾಗ ಅದು. ಅಂದು ಕುಡಿದು ಏರಿ ಹತ್ತುವಷ್ಟರಲ್ಲೇ ಕೆಲವು ತೂರಾಡಿದವು, ಸಂಜೆಯ ಹೊತ್ತಿಗೆ ಅರ್ಧ ಹಿಂಡು ಮಲಗಿತ್ತು. ಗಬ್ಬದ ಕುರಿಯೊಂದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಲೋಕಪ್ಪನವರು ಬಂದವರನ್ನೆಲ್ಲ ಒಂದೇ ಮಾತು ಕೇಳಿದರು: "ನೀರು ಕುಡುದ್ರ ಸಾಯ್ತಾವೇನ್ರೀ?" ಬಾಟಲಿಗೆ ತುಂಬಿ ಮಾರಬಹುದೆಂದವರು ಅವರ ಪಕ್ಕದಲ್ಲೇ ಕುಕ್ಕರಿಸಿ ಆ ಕುರಿಯ ಮೈ ಸವರಿದರು.

ಮರುದಿನ ಏರಿಯ ಮೇಲೆ ಊರು ಸೇರಿತು. ತಮ್ಮನ್ನು ಒಣಗಿಸುವುದೊಂದೇ ದಾರಿ ಎಂದಳು ನಯನ. ಕೆರೆ ಬಸಿದರೆ ಬೇಸಿಗೆಯ ಭತ್ತ ಹೋಗುತ್ತದೆ, ನಮ್ಮ ಮೀನೂ ಹೋಗುತ್ತದೆ. ತೂಬಿನ ಕೆಳಗಿನ ಮೊದಲ ಗದ್ದೆ, ಹಾಲುಗಟ್ಟುತ್ತಿದ್ದ ತೆನೆಯ ಗದ್ದೆ, ರಾಜಪ್ಪನವರದು. ಎಲ್ಲರೂ ಅವರ ಮುಖ ನೋಡಿದರು. ಅವರು ಲೋಕಪ್ಪನವರ ಕಡೆ ತಿರುಗಿ, "ಹಾರ ಹಾಕಿ ಕರಕಂಡವ ನಾನು, ಕಳಿಸೋನೂ ನಾನೇ. ತೂಬು ಎತ್ರಿ," ಎಂದರು.

ತೂಬು ಏಳಲಿಲ್ಲ. ತಾವು ಅದರ ಮೈಮೇಲೆಲ್ಲ ಮನೆ ಕಟ್ಟಿದ್ದಿರಿ. ನಮ್ಮ ಮನೆಯವರು ಹಾರೆ ಹಿಡಿದು ನೀರಿಗಿಳಿದು, ಮುಳುಗಿ ಮುಳುಗಿ ತಮ್ಮನ್ನು ಕೆತ್ತಿದರು. ಕೊನೆಗೆ ನೀರು ನುಗ್ಗಿದಾಗ ಅವರ ಎರಡೂ ಅಂಗೈ ಹರಿದಿದ್ದವು. ನಾನು ಸೆರಗು ಹರಿದು ಕಟ್ಟುತ್ತಿದ್ದರೆ ಅವರು ಬರಿದಾಗುತ್ತಿದ್ದ ಕೆರೆಯನ್ನೇ ನೋಡುತ್ತ, "ಒಂದ್ ವರ್ಷ ಏನ್ ಮಾಡೋದೇ?" ಎಂದರು. ಆ ವರ್ಷ ಮಳೆಗಾಲದಲ್ಲೂ ತೂಬು ಮುಚ್ಚಲಿಲ್ಲ, ನಾನು ಸೊರಬದಲ್ಲಿ ಅಡಿಕೆ ಸುಲಿದೆ. ತಾವು ಬಿಸಿಲಿಗೆ ಬಾಯಿಬಿಟ್ಟು ಬಿದ್ದಿದ್ದಿರಿ. ಆ ಸುವಾಸನೆ ತಾಳಗುಂದದವರೆಗೂ ಹೋಗಿ ತಮ್ಮ ಕೀರ್ತಿಯನ್ನು ಸಾರಿತು.

ಈ ಮಳೆಗಾಲ ಕೆರೆ ಮತ್ತೆ ತುಂಬಿದೆ. ಮೊನ್ನೆ ನಮ್ಮ ಮನೆಯವರು ಮೊಣಕೈವರೆಗೆ ಕೈ ಇಳಿಸಿ ನೋಡಿದರು. ಹಸಿರು ನೀರಿನಲ್ಲಿ ಅವರ ಬೆರಳು ಅವರಿಗೇ ಕಾಣಲಿಲ್ಲ. "ಕಾಣಂಗಿಲ್ಲ ಕಣೇ, ಏನೂ ಕಾಣಂಗಿಲ್ಲ!" ಎಂದು ಅವರು ಹಿಗ್ಗಿನಿಂದ ಕೂಗಿದ್ದು ಕೆರೆಯ ನಡುಗುಂಡಿಯ ಕೆಸರಿನಲ್ಲಿ ಬದುಕುಳಿದಿರುವ ತಮ್ಮ ಕೆಲವು ಬಂಧುಗಳಿಗೂ ಕೇಳಿಸಿರಬೇಕು. ಅವರಲ್ಲಿ ನಮ್ಮ ಬಿನ್ನಹ ಇಷ್ಟೇ: ಊಟ ಮಾಡಲೇಬೇಕೆಂದಿದ್ದರೆ ವಿಷದ ಪಾಚಿಯಿಂದ ಆರಂಭಿಸಿ. ಅದು ಒಗ್ಗದಿದ್ದರೆ ದೊಡ್ಡ ಮನಸ್ಸು ಮಾಡಿ ಬಾಯಿ ಮುಚ್ಚಿಕೊಂಡಿರಿ.

ಬೇರೆ ದಾರಿಯಿಲ್ಲದೆ ತಮ್ಮ ನೆರೆಯಲ್ಲೇ ಬಾಳುತ್ತಿರುವ,
ತಮ್ಮ ವಿಶ್ವಾಸಿ,
ಗಂಗಾಶ್ರೀ

ವಿ.ಸೂ.: ತಮ್ಮನ್ನು ತಿನ್ನಲೆಂದು ದೂರದ ದೇಶದ ಮೀನೊಂದನ್ನು ತಂದು ಬಿಡುವ ಯೋಜನೆ ಮೇಲಿನ ಕಚೇರಿಯಲ್ಲಿ ತಯಾರಾಗಿದೆಯಂತೆ. ತಾವು ಮುಗಿದ ಮೇಲೆ ಅದು ಏನು ತಿನ್ನುತ್ತದೆಂದು ಕೇಳಿದೆವು. ಅದಕ್ಕೆ ಬೇರೆ ಸಮಿತಿ ಇದೆಯಂತೆ.