ರಟ್ಟೆಯ ಕೊಬ್ಬು ತೆಗೆಸಲು ಮರುಮಂಜೂರಾತಿ ಕೋರಿ

ಇಂದ:
ಅರ್ಜಿದಾರಳು
(ಹೆಂಡತಿ, ಸೊಸೆ, ಅತ್ತಿಗೆ ಮತ್ತು ದೀಪ ಹಿಡಿಯುವವಳು)
ಫೋಟೋ ಸ್ಟುಡಿಯೋ ಮೇಲಿನ ಮನೆ

ಗೆ:
ಮನೆಯ ಯಜಮಾನರು ಹಾಗೂ ಸ್ಟುಡಿಯೋ ಮಾಲೀಕರು
(ಎರಡೂ ಹುದ್ದೆಗಳಲ್ಲಿ ಅರ್ಜಿದಾರಳ ಗಂಡನೇ ಇರುವುದರಿಂದ ಒಂದೇ ಪ್ರತಿ ಸಲ್ಲಿಸಲಾಗಿದೆ.)

ವಿಷಯ: ಅರ್ಜಿದಾರಳ ರಟ್ಟೆಗಳ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯನ್ನು ರದ್ದುಪಡಿಸಿದ ಆದೇಶವನ್ನು ಹಿಂಪಡೆಯುವ ಕುರಿತು.

ಉಲ್ಲೇಖ: ೧) ಊಟದ ಮೇಜಿನಲ್ಲಿ ತಾವು ನೀಡಿದ ಮೌಖಿಕ ಮಂಜೂರಾತಿ.
೨) ಆಸ್ಪತ್ರೆಯಿಂದ ಬರುವಾಗ ಸ್ಕೂಟರಿನ ಮೇಲೆ, ಹಿಂತಿರುಗಿ ನೋಡದೆ, ತಾವು ನೀಡಿದ ಮೌಖಿಕ ರದ್ದತಿ.

ಮಾನ್ಯರೇ,

೧. ಮೇಲ್ಕಂಡ ವಿಷಯದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ರಟ್ಟೆಗಳ ಬಗೆಗಿನ ಮೂಲ ದೂರು ಅರ್ಜಿದಾರಳದ್ದಲ್ಲ. ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿಡಲು ತೆಗೆದ ಕುಟುಂಬದ ಫೋಟೋ ನೋಡಿ ನಾದಿನಿಯವರು, "ಅಣ್ಣಾ, ಅರ್ಧ ಫೋಟೋ ಅತ್ತಿಗೆ ರಟ್ಟೆಗೇ ಹೋಗಿದೆ ನೋಡು" ಎಂದರು. ಅತ್ತೆಯವರು, "ದಿಂಬು ಕಟ್ಕೊಂಡ ಹಾಗಿದೆ" ಎಂದು ಅನುಮೋದಿಸಿದರು.

೨. ಆದ್ದರಿಂದ ತಾವು ಕಂಪ್ಯೂಟರಿನಲ್ಲಿ ಆ ತೋಳನ್ನು ಸವರಿ ಸವರಿ ಸಣ್ಣದು ಮಾಡಿದಿರಿ. ಅದೇ ತೋಳಿನ ಮೇಲೆ ನಾದಿನಿಯವರ ಮಗು ಕುಳಿತಿದ್ದುದು ತಮ್ಮ ಗಮನಕ್ಕೆ ಬರಲಿಲ್ಲ. ಪರಿಣಾಮವಾಗಿ, ತೋಳಿಗೂ ಮಗುವಿಗೂ ನಡುವೆ ಅಂಗೈಯಗಲ ಜಾಗ ಬಿಟ್ಟುಹೋಗಿ, ಮಗು ಗಾಳಿಯಲ್ಲಿ ಕುಳಿತು ನಗುವ ಫೋಟೋ ಕಿಟಕಿಗೇರಿತು. ಪಾಸ್‌ಪೋರ್ಟ್ ಫೋಟೋಗೆಂದು ಬಂದ ಗಿರಾಕಿಯೊಬ್ಬರು, "ನನ್ನ ಕುತ್ತಿಗೆಗೆ ಕೈ ಹಾಕ್ಬೇಡಿ ಸಾರ್, ಇದ್ದ ಹಾಗೇ ಇರ್ಲಿ" ಎಂದು ಮುಂಚಿತವಾಗಿ ವಿನಂತಿಸಿದರು.

೩. ಸ್ಟುಡಿಯೋದ ಮಾನ ಹೋದ ಕಾರಣ ತಾವು ಅಂದು ರಾತ್ರಿ ಊಟಕ್ಕೆ ಕುಳಿತಾಗ, "ಫೋಟೋ ತಿದ್ದೋಕೆ ಹೋದ್ರೆ ಹೀಗೇ ಆಗೋದು. ತೋಳನ್ನೇ ತಿದ್ದಿಸಿಬಿಡೋಣ" ಎಂದು ತೀರ್ಮಾನಿಸಿದಿರಿ. ಆಸ್ಪತ್ರೆಯವರಿಗೆ ಶಸ್ತ್ರಚಿಕಿತ್ಸೆಯ ಮೊದಲಿನ ಮತ್ತು ನಂತರದ ಫೋಟೋ ತೆಗೆದುಕೊಡುವವರು ತಾವೇ ಆದ ಕಾರಣ, ವೈದ್ಯರು ಸ್ನೇಹಕ್ಕೆ ಕಟ್ಟುಬಿದ್ದು ಒಪ್ಪಿದರು. ಸೂಜಿ ಕಂಡರೆ ಮುಖ ತಿರುಗಿಸುವ ಅರ್ಜಿದಾರಳ ಅಭಿಪ್ರಾಯಕ್ಕೆ ಆ ಸಭೆಯಲ್ಲಿ ಅವಕಾಶವಿರಲಿಲ್ಲ. ಆಕೆ ಬಡಿಸುತ್ತಿದ್ದಳು.

೪. ವೈದ್ಯರು ರಟ್ಟೆಗಳ ಮೇಲೆ ನೀಲಿ ಶಾಯಿಯಲ್ಲಿ ಗೆರೆ ಎಳೆದು, ಒತ್ತಿ ನೋಡಿ, "ಕೆಳಗೆ ಒಳ್ಳೆ ಗಟ್ಟಿ ಸ್ನಾಯು ಇದೆಯಲ್ಲಮ್ಮ. ಭಾರ ಎತ್ತೋ ಕೆಲಸ ಮಾಡ್ತೀರಾ?" ಎಂದು ಕೇಳಿದರು. ಅರ್ಜಿದಾರಳು ಬಾಯಿ ತೆರೆಯುವ ಮೊದಲೇ ತಾವು, "ಇಲ್ಲ ಡಾಕ್ಟ್ರೇ, ಮನೇಲೇ ಇರ್ತಾಳೆ" ಎಂದಿರಿ. ಈ ಹೇಳಿಕೆಯನ್ನು ಅಲ್ಲಿ ಪ್ರಶ್ನಿಸುವುದು ಸೌಜನ್ಯವಲ್ಲದ ಕಾರಣ ಇಲ್ಲಿ ದಾಖಲಿಸಲಾಗಿದೆ. ತಮಗೆ ಬೆನ್ನುನೋವಿರುವುದರಿಂದ ಸ್ಟುಡಿಯೋದ ಶಟರ್ ಎತ್ತುವವಳು ಅರ್ಜಿದಾರಳು. ಮದುವೆಗಳಲ್ಲಿ ತಮ್ಮ ಎರಡೂ ಕೈ ಕ್ಯಾಮೆರಾಗೆ ಮೀಸಲಾಗಿರುವುದರಿಂದ, ಛತ್ರಿ ಹಾಕಿದ ದೀಪವನ್ನು ತಲೆಯ ಮೇಲೆ ಎತ್ತಿ ಹಿಡಿದು, ಕೊನೆಯ ನೆಂಟನ ಫೋಟೋ ಮುಗಿಯುವವರೆಗೂ ನಿಲ್ಲುವವಳು ಅರ್ಜಿದಾರಳು. ಮಗುವನ್ನು ಎತ್ತಿಕೊಳ್ಳುವವಳು ಯಾರೆಂಬ ವಿಚಾರ ಈಗಾಗಲೇ ಕಿಟಕಿಯಲ್ಲಿದೆ.

೫. ನಂತರ ವೈದ್ಯರು, "ಆಪರೇಷನ್ ಆದ್ಮೇಲೆ ಆರು ವಾರ ಏನೂ ಎತ್ತೋ ಹಾಗಿಲ್ಲ. ಕೈ ಭುಜದಿಂದ ಮೇಲೆ ಹೋಗಬಾರದು. ಮಗು ಗಿಗು ಬೇಡವೇ ಬೇಡ" ಎಂದರು. ಅರ್ಜಿದಾರಳು ಇನ್ನೊಮ್ಮೆ ಹೇಳುವಂತೆ ಕೋರಿದಳು. ಕೇಳಿಸಲಿಲ್ಲವೆಂದಲ್ಲ. ಆ ಕ್ಷಣದಿಂದ ಆಕೆಗೆ ಸೂಜಿ, ಕತ್ತರಿ, ಹೊಲಿಗೆ ಯಾವುದರ ಭಯವೂ ಉಳಿದಿಲ್ಲವೆಂದು ಈ ಮೂಲಕ ದೃಢೀಕರಿಸುತ್ತಾಳೆ.

೬. ಆದರೆ ಸ್ಕೂಟರ್ ಮುಖ್ಯರಸ್ತೆಗೆ ಬರುವಷ್ಟರಲ್ಲಿ ತಾವು, "ಆರು ವಾರ ಅಂದ್ರೆ ಮದುವೆ ಸೀಸನ್ನೇ ಮುಗಿದುಹೋಗುತ್ತೆ. ಬಿಡು, ನಿನ್ನ ರಟ್ಟೆಗೇನಾಗಿದೆ, ಚೆನ್ನಾಗೇ ಇದೆ" ಎಂದಿರಿ. ಮನೆಯಲ್ಲಿ ಅತ್ತೆಯವರು, "ಮೈಕೈ ತುಂಬಿಕೊಂಡಿದ್ರೇ ಲಕ್ಷಣ ಕಣೆ" ಎಂದರು. ನಾದಿನಿಯವರು, "ನಾನು ತಮಾಷೆಗಂದಿದ್ದು ಅತ್ತಿಗೆ. ಇವನನ್ನ ಸ್ವಲ್ಪ ಹಿಡ್ಕೊಳ್ಳಿ" ಎಂದು ಮಗುವನ್ನು ದಾಟಿಸಿದರು. ಹೀಗೆ ಒಂದೇ ಮಧ್ಯಾಹ್ನದಲ್ಲಿ, ಎಳ್ಳಷ್ಟೂ ಕರಗದೆ, ಸದರಿ ರಟ್ಟೆಗಳು ದಿಂಬಿನಿಂದ ಲಕ್ಷಣಕ್ಕೆ ಬಡ್ತಿ ಪಡೆದವು.

೭. ಈ ಬಡ್ತಿಯನ್ನು ಅರ್ಜಿದಾರಳು ವಿನಯಪೂರ್ವಕವಾಗಿ ನಿರಾಕರಿಸುತ್ತಾಳೆ. ಆದ್ದರಿಂದ ಮತ್ತು ಮೇಲಿನ ಎಲ್ಲ ಕಾರಣಗಳಿಂದ, ಮೊದಲಿನ ಮಂಜೂರಾತಿಯನ್ನು ಊರ್ಜಿತಗೊಳಿಸಿ, ಮದುವೆ ಸೀಸನ್ ಮುಗಿಯುವುದರೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಡಬೇಕಾಗಿ ಕೋರುತ್ತಾಳೆ. ಮುಗಿದ ಮೇಲೆ ಮಾಡಿಸಿದರೆ ಪ್ರಯೋಜನವಿಲ್ಲ.

ಸದ್ಯಕ್ಕೆ ಕೈ ಮೇಲೆತ್ತಿಯೇ ನಿಂತಿರುವ ತಮ್ಮ ವಿಶ್ವಾಸಿ,
ಅರ್ಜಿದಾರಳು

ಲಗತ್ತುಗಳು:
೧) ವೈದ್ಯರ ಚೀಟಿ. "ಆರು ವಾರ" ಎಂಬುದರ ಕೆಳಗಿನ ಗೆರೆ ವೈದ್ಯರದ್ದಲ್ಲ.
೨) ರಟ್ಟೆಗಳ ಮೇಲಿನ ನೀಲಿ ಗೆರೆಗಳು. ಇವನ್ನು ಲಗತ್ತಿಸಲಾಗದ ಕಾರಣ ಸ್ಥಳ ಪರಿಶೀಲನೆಗೆ ಇಡಲಾಗಿದೆ. ಸ್ನಾನದಲ್ಲಿ ಅಳಿಸದಂತೆ ಎಚ್ಚರ ವಹಿಸಲಾಗುತ್ತಿದೆ.

ವಿಶೇಷ ಕೋರಿಕೆ: ಶಸ್ತ್ರಚಿಕಿತ್ಸೆಗೆ ಮಂಜೂರಾತಿ ಸಾಧ್ಯವೇ ಇಲ್ಲವೆಂದಾದಲ್ಲಿ, ಆರು ವಾರವನ್ನಷ್ಟೇ ಮಂಜೂರು ಮಾಡಿದರೂ ಆದೀತು. ರಟ್ಟೆಗಳು ಈಗಿರುವ ಅಳತೆಯಲ್ಲೇ ಮುಂದುವರಿಯಲು ಅರ್ಜಿದಾರಳ ಅಭ್ಯಂತರವಿಲ್ಲ.